ಮಾರ್ವೆಲ್‌ಗೆ ಬಾರದ ಜನ ಸ್ಟಿಚ್‌ಗೆ ಯಾಕೆ ಬಂದರು?

2019ರ ಏಪ್ರಿಲ್ 26, ಶುಕ್ರವಾರ. ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ಬೆಳಗ್ಗೆ ಆರರ ಶೋ. ಅಕ್ಕನ ಮಗ ಆಗ ಒಂಬತ್ತನೇ ಕ್ಲಾಸು. ನಾಲ್ಕೂವರೆಗೇ ಎದ್ದು, ಸ್ನಾನ ಮುಗಿಸಿ, ಐರನ್ ಮ್ಯಾನ್ ಟೀ ಶರ್ಟ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಪರೀಕ್ಷೆಗೂ ಅವನು ಹಾಗೆ ಎದ್ದವನಲ್ಲ. ದಾರಿಯುದ್ದಕ್ಕೂ ನನಗೆ ಪಾಠ. ಖಳನಾಯಕ ಥಾನೋಸ್ ಚಿಟಿಕೆ ಹೊಡೆದಾಗ ಯಾರ್ಯಾರು ಮಾಯವಾದರು, ಯಾರು ಉಳಿದರು, ಯಾವ ಕಲ್ಲು ಯಾರ ಹತ್ತಿರ ಇತ್ತು, ಎಲ್ಲ. 'ಅವೆಂಜರ್ಸ್: ಎಂಡ್‌ಗೇಮ್' ಕೊನೆಯ ಯುದ್ಧದಲ್ಲಿ ಕ್ಯಾಪ್ಟನ್ ಅಮೆರಿಕ ಥಾರ್‌ನ ಸುತ್ತಿಗೆ ಎತ್ತುತ್ತಾನಲ್ಲ, ಆಗ ಎದ್ದ ಶಿಳ್ಳೆಗೆ ನನ್ನ ಕಿವಿ ಗುಂಯ್ ಅಂದಿತು. ನಮ್ಮ ಸ್ಟಾರ್‌ಗಳ ಸಿನಿಮಾದ ಮೊದಲ ದಿನಕ್ಕೆ ಏನೇನೂ ಕಮ್ಮಿ ಇರಲಿಲ್ಲ.

ನಾಲ್ಕೂವರೆ ವರ್ಷ ಮುಂದೆ ಬನ್ನಿ. 2023ರ ದೀಪಾವಳಿ ವಾರ. 'ದಿ ಮಾರ್ವೆಲ್ಸ್' ಬಂದಿತ್ತು. "ಬರ್ತೀಯೇನೋ?" ಅಂತ ಅದೇ ಹುಡುಗನನ್ನು ಕೇಳಿದೆ. ಫೋನಿನಿಂದ ತಲೆ ಎತ್ತದೆ ಹೇಳಿದ: "ಬಿಡಿ ಮಾಮ, ಸ್ವಲ್ಪ ದಿನ ಹೋದರೆ ಹಾಟ್‌ಸ್ಟಾರ್‌ಗೇ ಬರುತ್ತೆ." ಒಬ್ಬನೇ ಹೋದೆ. ಇಂಟರ್ವಲ್‌ನಲ್ಲಿ ಸುಮ್ನೆ ತಲೆ ಎಣಿಸಿದೆ. ನನ್ನನ್ನೂ ಸೇರಿಸಿ ಹನ್ನೊಂದು ಜನ.

ಮಾರ್ವೆಲ್ ಈಗ ಡಿಸ್ನಿ ಕಂಪನಿಯದು. ಆ ಡಿಸ್ನಿ ಸಿನಿಮಾಗಳಿಗೆ ಜನ ಬರೋದು ನಿಂತೇ ಹೋಯಿತಾ ಅನ್ನೋ ಚರ್ಚೆ ಆಗಿನಿಂದ ನಡೆಯುತ್ತಲೇ ಇದೆ. ಹೌದು ಅನ್ನುವವರ ಹತ್ತಿರ ಅಂಕಿ ಇದೆ. ಇಲ್ಲ ಅನ್ನುವವರ ಹತ್ತಿರವೂ ಇದೆ. ತಮಾಷೆ ಅಂದರೆ ಇಬ್ಬರ ಅಂಕಿಯೂ ಸರಿ.

ಒಂದು ಅಂಗಡಿ, ನಾಲ್ಕು ಗೋದಾಮು

ಮೊದಲು ಈ ಡಿಸ್ನಿ ಅಂದರೆ ಏನು ಅಂತ ನೋಡೋಣ. ಮಿಕ್ಕಿ ಮೌಸ್ ಕಂಪನಿ ಅನ್ನೋದು ಹಳೇ ಮಾತು. 2006ರಲ್ಲಿ ಅದು 'ಟಾಯ್ ಸ್ಟೋರಿ' ಮಾಡಿದ ಪಿಕ್ಸಾರನ್ನು 740 ಕೋಟಿ ಡಾಲರಿಗೆ ಕೊಂಡಿತು. 2009ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಐರನ್ ಮ್ಯಾನ್, ಥಾರ್ ಇರುವ ಮಾರ್ವೆಲ್. 2012ರಲ್ಲಿ ಹೆಚ್ಚು ಕಮ್ಮಿ ಅಷ್ಟೇ ದುಡ್ಡಿಗೆ 'ಸ್ಟಾರ್ ವಾರ್ಸ್' ಮಾಡುವ ಲೂಕಾಸ್‌ಫಿಲ್ಮ್. 2019ರಲ್ಲಿ 7,100 ಕೋಟಿ ಡಾಲರ್ ಸುರಿದು ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸ್. 'ಅವತಾರ್', 'ಡೆಡ್‌ಪೂಲ್' ಇದರ ಜೊತೆಗೇ ಬಂದವು. ಇದರ ಮೇಲೆ 'ಸ್ನೋ ವೈಟ್'ನಿಂದ 'ಫ್ರೋಜನ್'ವರೆಗೆ ತನ್ನದೇ ಹಳೇ ಕಾರ್ಟೂನುಗಳ ರಾಶಿ.

ಇವನ್ನೇ ಫ್ರಾಂಚೈಸಿ ಅನ್ನೋದು. ಒಂದೇ ಲೋಕ, ಗುರುತಿರುವ ಪಾತ್ರಗಳು, ಮತ್ತೆ ಮತ್ತೆ ಬರುವ ಸಿನಿಮಾಗಳು. ಹೊಸ ಕಥೆಗೆ ಜನರನ್ನು ಕರೆತರೋದು ಕಷ್ಟ. ಗೊತ್ತಿರುವ ಹೆಸರು ಹಾಕಿದರೆ ಅರ್ಧ ಪ್ರಚಾರ ಮುಗಿದ ಹಾಗೆ. ಲೆಕ್ಕ ಇಷ್ಟೇ.

2019ರಲ್ಲಿ ಈ ಲೆಕ್ಕ ಯಾವ ಮಟ್ಟಕ್ಕೆ ಕೂಡಿಬಂತು ಅಂದರೆ, ಆ ಒಂದೇ ವರ್ಷ ಬಿಡುಗಡೆಯಾದ ಡಿಸ್ನಿಯ ಏಳು ಸಿನಿಮಾಗಳು ತಲಾ 100 ಕೋಟಿ ಡಾಲರ್ ದಾಟಿದವು. 'ಎಂಡ್‌ಗೇಮ್' ಒಂದೇ ಸುಮಾರು 280 ಕೋಟಿ ಡಾಲರ್. ಭಾರತದಲ್ಲಿ ಅದರ ಮೊದಲ ದಿನದ ಕಲೆಕ್ಷನ್ ಸುಮಾರು 53 ಕೋಟಿ ರೂಪಾಯಿ.

ಆಮೇಲೆ 2023. ಆ ವರ್ಷ ಡಿಸ್ನಿಯ ಒಂದೇ ಒಂದು ಸಿನಿಮಾ ಕೂಡ 100 ಕೋಟಿ ಡಾಲರ್ ಮುಟ್ಟಲಿಲ್ಲ. 'ಆಂಟ್-ಮ್ಯಾನ್' ಮೂರನೇ ಭಾಗ, 'ಇಂಡಿಯಾನಾ ಜೋನ್ಸ್' ಐದನೇ ಭಾಗ, ನೂರನೇ ವರ್ಷದ ಹಬ್ಬಕ್ಕೆ ಅಂತ ಮಾಡಿದ 'ವಿಶ್', ಎಲ್ಲ ನಿರೀಕ್ಷೆಗಿಂತ ಎಷ್ಟೋ ಕೆಳಗೆ. 'ದಿ ಮಾರ್ವೆಲ್ಸ್' ಅಂತೂ ಮಕಾಡೆ ಮಲಗಿತು: 20.6 ಕೋಟಿ ಡಾಲರ್. ಇದರ ಹಿಂದಿನ ಭಾಗ 'ಕ್ಯಾಪ್ಟನ್ ಮಾರ್ವೆಲ್' ಗಳಿಸಿದ್ದು 113 ಕೋಟಿ. ಅದೇ ನಾಯಕಿ, ಅದೇ ಕಂಪನಿ, ಐದರಲ್ಲಿ ಒಂದು ಪಾಲೂ ಬರಲಿಲ್ಲ.

ಜನ ಥಿಯೇಟರಿಗೇ ಬರ್ತಿರಲಿಲ್ಲ ಅನ್ನೋಣ ಅಂದರೆ ಅದೂ ಅಲ್ಲ. ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ ಮೂರು ಸಿನಿಮಾಗಳು 'ಬಾರ್ಬಿ', 'ಸೂಪರ್ ಮಾರಿಯೋ', 'ಆಪನ್‌ಹೈಮರ್'. ಒಂದೂ ಡಿಸ್ನಿಯದಲ್ಲ. ಮೂರರಲ್ಲಿ ಒಂದೂ ಯಾವುದರ ಎರಡನೇ ಭಾಗ ಅಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ 'ಡಿಸ್ನಿ ಕಾಲ ಮುಗಿಯಿತು' ಅಂತ ಬರೆದು ಎದ್ದು ಹೋಗಬಹುದಿತ್ತು. ಆದರೆ ಮರುವರ್ಷವೇ 'ಇನ್‌ಸೈಡ್ ಔಟ್ 2' ಸುಮಾರು 170 ಕೋಟಿ ಡಾಲರ್ ಗಳಿಸಿತು. 'ಡೆಡ್‌ಪೂಲ್ ಅಂಡ್ ವುಲ್ವರೀನ್' 130 ಕೋಟಿ ದಾಟಿತು, 'ಮೊಆನಾ 2' 100 ಕೋಟಿ ದಾಟಿತು. 2025ರಲ್ಲಿ 'ಸ್ನೋ ವೈಟ್' ಸುಮಾರು 20 ಕೋಟಿಗೆ ಸುಸ್ತಾಯಿತು. ಎರಡೇ ತಿಂಗಳ ಅಂತರದಲ್ಲಿ ಬಂದ 'ಲಿಲೋ ಅಂಡ್ ಸ್ಟಿಚ್', ಒಬ್ಬ ಪುಟ್ಟ ಹುಡುಗಿ ಮತ್ತು ಬೇರೆ ಗ್ರಹದಿಂದ ಬಂದ ಅವಳ ಗೆಳೆಯ ಸ್ಟಿಚ್ ಕಥೆ, 100 ಕೋಟಿ ದಾಟಿತು. ವರ್ಷದ ಕೊನೆಗೆ 'ಜೂಟೋಪಿಯಾ 2' 150 ಕೋಟಿಯನ್ನೂ ದಾಟಿ ಹೋಯಿತು.

ಒಂದೇ ಮನೆಯ ಅಡುಗೆ. ಒಂದು ಪಾತ್ರೆ ಖಾಲಿ, ಇನ್ನೊಂದು ಪಾತ್ರೆ ಮುಟ್ಟಿದವರೇ ಇಲ್ಲ. ಅಡುಗೆಯವರು ಕೆಟ್ಟರು ಅಂದರೆ ಈ ಲೆಕ್ಕ ಬಗೆಹರಿಯಲ್ಲ.

ಕಲೆಕ್ಷನ್ ಓದೋದು ಹೇಗೆ

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಗಾಂಧಿನಗರದಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ಆದರೂ ಕಲೆಕ್ಷನ್ ಅಂಕಿ ನೋಡಿ ನಾವೆಲ್ಲ ಎಡವುತ್ತೇವೆ.

ಟಿಕೆಟ್ ದುಡ್ಡು ಪೂರ್ತಿ ಸಿನಿಮಾ ಮಾಡಿದವರಿಗೆ ಹೋಗಲ್ಲ. ಸುಮಾರು ಅರ್ಧ ಥಿಯೇಟರಿನವರದು. ಚೀನಾದಲ್ಲಂತೂ ಅಮೆರಿಕದ ಸ್ಟುಡಿಯೋಗೆ ಸಿಗೋದು ಕಾಲು ಭಾಗ ಮಾತ್ರ. ಮೇಲೆ ಪ್ರಚಾರದ ಖರ್ಚು ಬೇರೆ. ಹಾಗಾಗಿ ಖರ್ಚಿನ ಎರಡೂವರೆ ಪಟ್ಟು ಕಲೆಕ್ಷನ್ ಆದರೆ ಹಾಕಿದ ದುಡ್ಡು ಬಂತು ಅನ್ನೋದು ಹಾಲಿವುಡ್ಡಿನವರ ಕೈಲೆಕ್ಕ.

ಉದಾಹರಣೆಗೆ ಎರಡು ಸಿನಿಮಾ ತಗೊಳ್ಳಿ. 2023ರ 'ಇಂಡಿಯಾನಾ ಜೋನ್ಸ್' ಮತ್ತು 2025ರ 'ಥಂಡರ್‌ಬೋಲ್ಟ್ಸ್'. ಎರಡೂ ಗಳಿಸಿದ್ದು ಹತ್ತಿರ ಹತ್ತಿರ 38 ಕೋಟಿ ಡಾಲರ್. ಆದರೆ ಮೊದಲನೆಯದರ ಖರ್ಚು ಸುಮಾರು 30 ಕೋಟಿ, ಎರಡನೆಯದರದ್ದು ಸುಮಾರು 18 ಕೋಟಿ. ಪೇಪರಿನಲ್ಲಿ ಒಂದೇ ಅಂಕಿ. ಒಂದು ದೊಡ್ಡ ಗುಂಡಿ, ಇನ್ನೊಂದು ಮೊಣಕಾಲುದ್ದದ ಹೊಂಡ.

ಇನ್ನೊಂದು ವಿಷಯ, ಸಂತೆಯೇ ಚಿಕ್ಕದಾಗಿದೆ. 2019ರಲ್ಲಿ ಅಮೆರಿಕ ಮತ್ತು ಕೆನಡಾದ ಥಿಯೇಟರುಗಳಲ್ಲಿ ಎಲ್ಲ ಸಿನಿಮಾ ಸೇರಿ 1,100 ಕೋಟಿ ಡಾಲರಿಗೂ ಜಾಸ್ತಿ ವ್ಯಾಪಾರ ಆಗಿತ್ತು. 2024ರಲ್ಲಿ ಅದು 900 ಕೋಟಿಯೊಳಗೆ. ಕೋವಿಡ್ ಸಮಯದಲ್ಲಿ ಬಿಟ್ಟು ಹೋದವರಲ್ಲಿ ಒಂದು ಪಾಲು ವಾಪಸ್ ಬರಲೇ ಇಲ್ಲ. 'ಎಂಡ್‌ಗೇಮ್'ಗೆ ಚೀನಾ ಒಂದರಿಂದಲೇ 60 ಕೋಟಿ ಡಾಲರಿಗೂ ಜಾಸ್ತಿ ಬಂದಿತ್ತು. ಆಮೇಲೆ 2019ರ ಜುಲೈನಿಂದ 2023ರ ಫೆಬ್ರುವರಿವರೆಗೆ ಒಂದೂ ಮಾರ್ವೆಲ್ ಸ್ಟುಡಿಯೋಸ್ ಸಿನಿಮಾ ಅಲ್ಲಿ ಬಿಡುಗಡೆ ಆಗಲಿಲ್ಲ. ಮೂರೂವರೆ ವರ್ಷದಲ್ಲಿ ಅಲ್ಲಿನ ಹುಡುಗರು ಬೇರೆ ಏನನ್ನೋ ಇಷ್ಟಪಡೋದು ಕಲಿತಿದ್ದರು.

ಅಂದರೆ 2019ಕ್ಕೆ ಹೋಲಿಸಿದರೆ ಯಾರೇ ಆದರೂ ಸ್ವಲ್ಪ ಕುಳ್ಳಗೇ ಕಾಣುತ್ತಾರೆ. ಅದನ್ನು ಕಳೆದು ನೋಡಿದ ಮೇಲೂ ಮಾರ್ವೆಲ್ ಬಿದ್ದಿರೋದು ನಿಜ. ಯಾಕೆ?

ಹೋಮ್‌ವರ್ಕ್ ಕೊಟ್ಟ ಸಿನಿಮಾ

'ದಿ ಮಾರ್ವೆಲ್ಸ್' ಕಥೆಯಲ್ಲಿ ಮೂವರು ನಾಯಕಿಯರು. ಒಬ್ಬಳು ಕ್ಯಾಪ್ಟನ್ ಮಾರ್ವೆಲ್, ಇವಳನ್ನು 2019ರ ಸಿನಿಮಾದಲ್ಲಿ ನೋಡಿದ್ದೀರಿ. ಎರಡನೆಯವಳು ಮೋನಿಕಾ ರಾಂಬೋ. ಆ ಸಿನಿಮಾದಲ್ಲಿ ಚಿಕ್ಕ ಹುಡುಗಿಯಾಗಿದ್ದವಳು. ಅವಳು ದೊಡ್ಡವಳಾಗಿ, ಶಕ್ತಿ ಪಡೆದದ್ದು ಗೊತ್ತಾಗಬೇಕಾದರೆ 2021ರ 'ವಾಂಡಾವಿಷನ್' ನೋಡಿರಬೇಕು. ಅದು ಸಿನಿಮಾ ಅಲ್ಲ, ಒಂಬತ್ತು ಕಂತಿನ ವೆಬ್ ಸರಣಿ. ಮೂರನೆಯವಳು ಕಮಲಾ ಖಾನ್. ಅವಳ ಕಥೆ 2022ರ 'ಮಿಸ್ ಮಾರ್ವೆಲ್' ಸರಣಿಯಲ್ಲಿದೆ, ಆರು ಕಂತು. ಇಷ್ಟೆಲ್ಲ ಆದ ಮೇಲೆ ನೀವು ಟಿಕೆಟ್ ತಗೊಂಡು ಬರಬೇಕು.

ನನ್ನ ಪಕ್ಕದ ಸೀಟಿನಲ್ಲಿದ್ದ ದಂಪತಿ ಅರ್ಧ ಗಂಟೆ ಆದ ಮೇಲೆ ಪಿಸುಗುಟ್ಟಿದ್ದು ಕೇಳಿಸಿತು: "ಈ ಹುಡುಗಿ ಯಾರ್ರೀ?" "ಗೊತ್ತಿಲ್ಲ, ನೋಡು ಸುಮ್ನೆ." ಮಾರ್ವೆಲ್‌ಗೆ ಬಂದ ಕಷ್ಟ ಇಷ್ಟೇ, ಆ ಎರಡು ಮಾತಿನಲ್ಲಿದೆ.

ಹಿಂದೆಯೂ ಅವರ ಸಿನಿಮಾಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡೇ ಇದ್ದವಲ್ಲ ಅಂತ ಕೇಳಬಹುದು. ಇದ್ದವು. 2008ರ 'ಐರನ್ ಮ್ಯಾನ್'ನಿಂದ ಎಣಿಸಿದರೆ 'ಎಂಡ್‌ಗೇಮ್' ಇಪ್ಪತ್ತೆರಡನೇ ಸಿನಿಮಾ. ಆದರೆ ಹನ್ನೊಂದು ವರ್ಷದಲ್ಲಿ ಇಪ್ಪತ್ತೆರಡು. ವರ್ಷಕ್ಕೆ ಎರಡು, ತಪ್ಪಿದರೆ ಮೂರು. ಯುಗಾದಿಗೊಂದು, ದೀಪಾವಳಿಗೊಂದು ಇದ್ದ ಹಾಗೆ. ಮಧ್ಯದಲ್ಲಿ ಕಾಯೋದಕ್ಕೆ ಸಮಯ ಇತ್ತು. ಕಾಯೋದೇ ಅರ್ಧ ಖುಷಿ, ಅಲ್ವಾ?

ಮಾರ್ವೆಲ್ ಸ್ಟುಡಿಯೋಸ್ ಮುಖ್ಯಸ್ಥ ಕೆವಿನ್ ಫೈಗಿ 2025ರಲ್ಲಿ ತಾವೇ ಲೆಕ್ಕ ಕೊಟ್ಟರು. 'ಎಂಡ್‌ಗೇಮ್' ಹೊತ್ತಿನವರೆಗೆ ಮಾಡಿದ್ದು ಸುಮಾರು 50 ಗಂಟೆಯ ಕಥೆ. ಆಮೇಲೆ ಅದರ ಅರ್ಧ ಸಮಯದಲ್ಲಿ 100 ಗಂಟೆಗೂ ಜಾಸ್ತಿ. ಅದು ವಿಪರೀತ ಆಯಿತು ಅಂತ ಒಪ್ಪಿಕೊಂಡರು. ನೆಂಟರು ಜಾಸ್ತಿ ಆದಾಗ ಸಾರಿಗೆ ನೀರು ಹಾಕೋದು ನಮ್ಮ ಮನೆಗಳಲ್ಲೂ ಇದೆ. ಇಲ್ಲಿ ನೆಂಟರು ಜಾಸ್ತಿ ಆಗಿರಲಿಲ್ಲ, ಪಾತ್ರೆ ಮಾತ್ರ ದೊಡ್ಡದು ತಂದಿದ್ದರು.

ಆ ಪಾತ್ರೆಯ ಹೆಸರು ಡಿಸ್ನಿ ಪ್ಲಸ್, ಚಂದಾ ಕಟ್ಟಿ ಮನೆಯಲ್ಲೇ ನೋಡುವ ಸ್ಟ್ರೀಮಿಂಗ್ ಸೇವೆ. ನಮ್ಮಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಬಂತು. 2019ರ ನವೆಂಬರ್ 12ಕ್ಕೆ ಅಮೆರಿಕದಲ್ಲಿ ಶುರುವಾಯಿತು. ನೆಟ್‌ಫ್ಲಿಕ್ಸ್ ಹಿಂದೆ ಎಲ್ಲರೂ ಓಡುತ್ತಿದ್ದ ಕಾಲ. ಲಾಭ ಎಷ್ಟು ಅಂತ ಷೇರು ಪೇಟೆ ಆಗ ಕೇಳುತ್ತಿರಲಿಲ್ಲ, ಚಂದಾದಾರರು ಎಷ್ಟು ಅಂತ ಮಾತ್ರ ಕೇಳುತ್ತಿತ್ತು. ಚಂದಾದಾರ ಉಳಿಯಬೇಕಾದರೆ ಪ್ರತಿ ತಿಂಗಳೂ ಏನಾದರೂ ಹೊಸದು ಬಡಿಸಬೇಕು. ಮಾರ್ವೆಲ್, ಸ್ಟಾರ್ ವಾರ್ಸ್ ಎರಡನ್ನೂ ಆ ಕೆಲಸಕ್ಕೆ ಹಚ್ಚಿದರು. 2022ರ ಶರತ್ಕಾಲದ ಹೊತ್ತಿಗೆ ಚಂದಾದಾರರು 16 ಕೋಟಿ ದಾಟಿದರು, ಸರಿ. ಆದರೆ ಸ್ಟ್ರೀಮಿಂಗ್ ವಿಭಾಗ ಒಂದೇ ತ್ರೈಮಾಸಿಕದಲ್ಲಿ ಸುಮಾರು 150 ಕೋಟಿ ಡಾಲರ್ ನಷ್ಟ ತೋರಿಸಿತು. ಅದೇ ನವೆಂಬರಿನಲ್ಲಿ ಸಿಇಒ ಬಾಬ್ ಚೇಪೆಕ್ ಮನೆಗೆ ಹೋದರು, ಹಳೇ ಯಜಮಾನ ಬಾಬ್ ಐಗರ್ ವಾಪಸ್ ಬಂದರು. ಬಂದವರು ಮಾಡಿದ ಕೆಲಸಗಳಲ್ಲಿ ಒಂದು, ಮಾರ್ವೆಲ್ ಸಿನಿಮಾಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರಕ್ಕೆ ಇಳಿಸಿದ್ದು.

ನಷ್ಟದ ದುಡ್ಡು ಹೇಗೋ ಸರಿಹೋಗುತ್ತದೆ. ಸರಿಹೋಗದ ನಷ್ಟ ಇನ್ನೊಂದು, ನನ್ನ ಅಕ್ಕನ ಮಗ ಹೇಳಿದ್ದು. ಹಾಟ್‌ಸ್ಟಾರ್‌ಗೇ ಬರುತ್ತೆ ಬಿಡಿ. ಸೂಪರ್ ಹೀರೋ ಸಿನಿಮಾದ ಜೀವಾಳ ಇದ್ದದ್ದು 'ಮೊದಲ ದಿನವೇ ನೋಡಬೇಕು' ಅನ್ನೋ ಚಡಪಡಿಕೆಯಲ್ಲಿ. ಸೋಮವಾರ ಕ್ಲಾಸಿನಲ್ಲಿ ಯಾರಾದರೂ ಕಥೆ ಹೇಳಿಬಿಟ್ಟರೆ ಅನ್ನೋ ಭಯದಲ್ಲಿ. ಆ ಭಯವನ್ನು ಕಂಪನಿಯೇ ಕೈಯಾರೆ ತೆಗೆದುಹಾಕಿತು.

ಇದಕ್ಕೆ ಗಟ್ಟಿ ಸಾಕ್ಷಿ ಕೆಟ್ಟ ಸಿನಿಮಾಗಳಲ್ಲ, ಒಳ್ಳೆಯವು. ಅಮೆರಿಕದಲ್ಲಿ ಮೊದಲ ದಿನ ಥಿಯೇಟರಿನಿಂದ ಹೊರಬರುವವರನ್ನು ಕೇಳಿ ಗ್ರೇಡ್ ಕೊಡುವ ಸಿನಿಮಾಸ್ಕೋರ್ ಅನ್ನೋ ಸಂಸ್ಥೆ ಇದೆ. 'ಎಂಡ್‌ಗೇಮ್'ಗೆ ಎ ಪ್ಲಸ್. 'ದಿ ಮಾರ್ವೆಲ್ಸ್'ಗೆ ಬಿ. ಈ ಗ್ರೇಡಿಂಗಿನಲ್ಲಿ ಇಂಥ ಸಿನಿಮಾಕ್ಕೆ ಬಿ ಬಂತು ಅಂದರೆ ಜನ ಸಪ್ಪೆ ಮುಖದಲ್ಲಿ ಹೊರಬಂದರು ಅಂತಲೇ ಅರ್ಥ. ಎರಡನೇ ವಾರಾಂತ್ಯಕ್ಕೆ ಅದರ ಕಲೆಕ್ಷನ್ 78 ಶೇಕಡಾ ಕುಸಿಯಿತು. ಇದು ಅರ್ಥವಾಗುತ್ತದೆ. ಆದರೆ 2025ರ 'ಥಂಡರ್‌ಬೋಲ್ಟ್ಸ್', 'ಫೆಂಟಾಸ್ಟಿಕ್ ಫೋರ್' ಎರಡಕ್ಕೂ ಎ ಮೈನಸ್ ಸಿಕ್ಕಿತು. ವಿಮರ್ಶಕರೂ ಹೊಗಳಿದರು. ನನಗೂ ಹಿಡಿಸಿದವು. ಮೊದಲನೆಯದು 38 ಕೋಟಿಗೆ, ಎರಡನೆಯದು 52 ಕೋಟಿಗೆ ನಿಂತಿತು. ಸಿನಿಮಾ ಚೆನ್ನಾಗಿ ಮಾಡಿದರೆ ಜನ ತಾವಾಗಿಯೇ ಬರುತ್ತಾರೆ ಅನ್ನೋದು ನಾವು ನಿರ್ಮಾಪಕರಿಗೆ ಕೊಡುವ ಬಿಟ್ಟಿ ಸಲಹೆ. ಅಭ್ಯಾಸ ಒಮ್ಮೆ ತಪ್ಪಿದರೆ ಚೆನ್ನಾಗಿರೋದು ಗೊತ್ತಾಗೋಕೂ ಯಾರೂ ಬರಲ್ಲ.

ಜೊತೆಗೆ ದುರದೃಷ್ಟವೂ ಸೇರಿತು. ಥಾನೋಸ್ ನಂತರದ ದೊಡ್ಡ ಖಳನಾಯಕ ಅಂತ ಕ್ಯಾಂಗ್ ಅನ್ನೋ ಪಾತ್ರವನ್ನು ಬೆಳೆಸುತ್ತಿದ್ದರು. ಆ ನಟ ಜೊನಾಥನ್ ಮೇಜರ್ಸ್ ಹಲ್ಲೆ ಕೇಸಿನಲ್ಲಿ ತಪ್ಪಿತಸ್ಥ ಅಂತ 2023ರ ಡಿಸೆಂಬರಿನಲ್ಲಿ ತೀರ್ಪು ಬಂತು, ಮಾರ್ವೆಲ್ ಕೈಬಿಟ್ಟಿತು. ಐದಾರು ವರ್ಷಕ್ಕೆ ಹಾಕಿದ್ದ ನಕ್ಷೆ ನಡುದಾರಿಯಲ್ಲೇ ಹರಿದುಹೋಯಿತು.

ಅದೇ ನಲ್ಲಿ, ಬೇರೆ ಗಿಡ

ಈಗ ಮಕ್ಕಳ ಕಡೆ ಬನ್ನಿ. ಇಲ್ಲಿ ಕಥೆ ಉಲ್ಟಾ.

'ಮೊಆನಾ' ಬಂದಿದ್ದು 2016ರಲ್ಲಿ. ಏಳು ವರ್ಷ ಆದ ಮೇಲೆ, 2023ರಲ್ಲಿ, ಅಮೆರಿಕದ ಮನೆಗಳಲ್ಲಿ ಸ್ಟ್ರೀಮಿಂಗಿನಲ್ಲಿ ಅತಿ ಹೆಚ್ಚು ನೋಡಿದ ಸಿನಿಮಾ ಅದೇ. ಜನ ಏನೇನು ನೋಡುತ್ತಾರೆ ಅಂತ ಎಣಿಸುವ ನೀಲ್ಸನ್ ಸಂಸ್ಥೆಯ ಲೆಕ್ಕದಲ್ಲಿ 1,160 ಕೋಟಿ ನಿಮಿಷ. ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಂಗಿಯ ಮಗಳಿಗೆ ಐದು ವರ್ಷ. ಅವಳಿಗೆ ಒಂದು ತುತ್ತು ಚಿತ್ರಾನ್ನ ಹೋಗಬೇಕಾದರೆ ಮೊಆನಾ ದೋಣಿ ಹತ್ತಲೇಬೇಕು. ಎಷ್ಟನೇ ಸಲ ಅಂತ ಯಾರೂ ಎಣಿಸಿಲ್ಲ. ಮುಂದೇನಾಗುತ್ತದೆ ಅಂತ ಅವಳಿಗೆ ಪೂರ್ತಿ ಗೊತ್ತು. ಗೊತ್ತಿರೋದಕ್ಕೇ ನೋಡುತ್ತಾಳೆ.

ಮಾರ್ವೆಲ್ ಬೇರನ್ನು ಕೊಳೆಸಿದ ಅದೇ ನೀರು ಈ ಗಿಡಕ್ಕೆ ಗೊಬ್ಬರ ಆಯಿತು. ಮನೆಯಲ್ಲಿ ಸಿಗುತ್ತೆ ಅಂತ ದೊಡ್ಡವರು ಥಿಯೇಟರ್ ಬಿಟ್ಟರು. ಮನೆಯಲ್ಲಿ ನೂರು ಸಲ ನೋಡಿದ್ದಕ್ಕೇ ಮಕ್ಕಳು ಥಿಯೇಟರಿಗೆ ಎಳೆದುಕೊಂಡು ಹೋದರು. ಡಿಸ್ನಿಗೂ ಇದು ಮೊದಲೇ ಹೊಳೆದಿರಲಿಲ್ಲ. 'ಮೊಆನಾ 2' ಶುರುವಾಗಿದ್ದು ಡಿಸ್ನಿ ಪ್ಲಸ್‌ಗೆ ಅಂತ ಮಾಡುತ್ತಿದ್ದ ಸರಣಿಯಾಗಿ. 2024ರ ಫೆಬ್ರುವರಿಯಲ್ಲಿ ಮನಸ್ಸು ಬದಲಿಸಿ ಸಿನಿಮಾ ಅಂತ ಘೋಷಿಸಿದರು. 'ಲಿಲೋ ಅಂಡ್ ಸ್ಟಿಚ್' ಕೂಡ ಮೊದಲು ಸ್ಟ್ರೀಮಿಂಗಿಗೆ ಅಂತಲೇ ಇಟ್ಟದ್ದು. ತಲಾ 100 ಕೋಟಿ ಡಾಲರ್ ಗಳಿಸಿದ ಎರಡು ಸಿನಿಮಾಗಳು ಟಿವಿಯಲ್ಲೇ ಮುಗಿದುಹೋಗಬೇಕಿತ್ತು ಅಂದರೆ, ಈ ವ್ಯಾಪಾರದಲ್ಲಿ ದೊಡ್ಡ ದೊಡ್ಡ ಸಂಬಳದವರಿಗೂ ಎಷ್ಟು ಗೊತ್ತಿರುತ್ತದೆ ಅಂತ ನೀವೇ ಯೋಚಿಸಿ.

'ಇನ್‌ಸೈಡ್ ಔಟ್ 2' ನೋಡಲು ಮೊದಲ ಭಾಗ ನೋಡಿರಬೇಕಾಗಿಯೂ ಇಲ್ಲ. ತಲೆಯೊಳಗೆ ಖುಷಿ, ದುಃಖ, ಕೋಪ ಕೂತಿವೆ. ಈಗ ಹುಡುಗಿಗೆ ಹದಿಮೂರಾಯಿತು, ಆತಂಕ ಅನ್ನೋ ಹೊಸ ನೆಂಟ ಬಂದ. ಒಂದು ಸಾಲಿನಲ್ಲಿ ಮುಗಿಯಿತು. ಅಜ್ಜಿಗೂ ಅರ್ಥವಾಗುತ್ತದೆ.

ಪಿಕ್ಸಾರ್‌ನ ಎಲ್ಲವೂ ಹೀಗೆ ಗೆದ್ದಿತು ಅಂತಲ್ಲ. 2020ರಿಂದ 2022ರ ನಡುವೆ 'ಸೋಲ್', 'ಲೂಕಾ', 'ಟರ್ನಿಂಗ್ ರೆಡ್' ಮೂರನ್ನೂ ಅಮೆರಿಕದಲ್ಲಿ ನೇರ ಡಿಸ್ನಿ ಪ್ಲಸ್‌ಗೆ ಬಿಟ್ಟರು. ಪಿಕ್ಸಾರ್ ಅಂದರೆ ಮನೆಯಲ್ಲಿ ಬಿಟ್ಟಿ ನೋಡೋದು ಅಂತ ಅಪ್ಪ ಅಮ್ಮಂದಿರಿಗೆ ಅಭ್ಯಾಸ ಮಾಡಿಸಿದ್ದು ಹೀಗೆ. 2023ರ 'ಎಲಿಮೆಂಟಲ್' ಮೊದಲ ವಾರಾಂತ್ಯ ತೀರಾ ಸಪ್ಪೆ. ಆದರೆ ನೋಡಿದವರು ಹೇಳಿ ಹೇಳಿ, ವಾರಗಟ್ಟಲೆ ಓಡಿ ಸುಮಾರು 50 ಕೋಟಿ ಡಾಲರಿಗೆ ಬಂತು. 2025ರ 'ಎಲಿಯೋ'ಗೆ ಆ ಭಾಗ್ಯವೂ ಇರಲಿಲ್ಲ. ಅಮೆರಿಕದಲ್ಲಿ ಪಿಕ್ಸಾರ್ ಇತಿಹಾಸದಲ್ಲೇ ಅತಿ ಕಮ್ಮಿ ಓಪನಿಂಗ್. ಎರಡೂ ಹೊಸ ಕಥೆಗಳು ಅನ್ನೋದನ್ನು ಗಮನಿಸಿ. ಹೊಸ ಕಥೆ ಯಾಕೆ ಮಾಡಲ್ಲ ಅಂತ ಗೊಣಗುವ ನಾವೇ, ಮಾಡಿದಾಗ ಪಾಪ್‌ಕಾರ್ನ್ ರೇಟು ನೋಡಿ ಮನೆಯಲ್ಲೇ ಉಳಿಯುತ್ತೇವೆ.

ಅದೇ ಪ್ರಸಂಗ, ಮತ್ತೆ ಮತ್ತೆ

ಯಕ್ಷಗಾನ ನೋಡುವವರಿಗೆ ಡಿಸ್ನಿ ರೀಮೇಕ್ ಯಾಕೆ ನಡೆಯುತ್ತದೆ ಅಂತ ಬೇಗ ಅರ್ಥವಾಗುತ್ತದೆ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂರುತ್ತೇವೆ. ಈ ಸಲ ಯಾರು ಕೌರವ, ಯಾರು ಭಾಗವತರು ಅನ್ನೋದೇ ಕುತೂಹಲ. ಹಳೇ ಕಾರ್ಟೂನನ್ನು ನಿಜವಾದ ನಟರನ್ನಿಟ್ಟು, ಇಲ್ಲವೇ 'ಲಯನ್ ಕಿಂಗ್' ಹಾಗೆ ಕಂಪ್ಯೂಟರಿನಲ್ಲಿ ನಿಜದಂತೆ ಕಾಣುವ ಪ್ರಾಣಿಗಳನ್ನಿಟ್ಟು ಮತ್ತೆ ತೆಗೆಯೋದು ಹೆಚ್ಚು ಕಮ್ಮಿ ಇದೇ ಲೆಕ್ಕ. 2017ರ 'ಬ್ಯೂಟಿ ಅಂಡ್ ದಿ ಬೀಸ್ಟ್', 2019ರ 'ಅಲ್ಲಾದೀನ್' ಮತ್ತು 'ಲಯನ್ ಕಿಂಗ್', ಎಲ್ಲ 100 ಕೋಟಿ ಡಾಲರ್ ದಾಟಿದವು.

ಹಾಗಾದರೆ 'ಸ್ನೋ ವೈಟ್' ಯಾಕೆ ಬಿತ್ತು? ನಾಯಕಿಯ ಮಾತುಗಳ ಬಗ್ಗೆ, ಕುಳ್ಳರ ಬಗ್ಗೆ ಗಲಾಟೆ ಆಗಿತ್ತು, ನಿಜ. ಡಿಸ್ನಿ ಸಿನಿಮಾದಲ್ಲಿ ರಾಜಕೀಯ ಜಾಸ್ತಿ ಆಯಿತು, ಅದಕ್ಕೇ ಸೋಲುತ್ತಿದೆ ಅನ್ನೋ ವಾದವೂ ಜೋರಾಗಿದೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಆ ವಾದ ಮಾಡುವವರು ಬೈಯುವ ಕಂಪನಿಯೇ 'ಇನ್‌ಸೈಡ್ ಔಟ್ 2', 'ಮೊಆನಾ 2' ಕೂಡ ಮಾಡಿದ್ದು. ನನಗೆ ಕಾಣೋದು ವಯಸ್ಸಿನ ಲೆಕ್ಕ. ಮೂಲ 'ಸ್ನೋ ವೈಟ್' 1937ರದ್ದು. ಅದನ್ನು ಬಾಲ್ಯದಲ್ಲಿ ಥಿಯೇಟರಿನಲ್ಲಿ ನೋಡಿದವರು ಈಗ ಮುತ್ತಜ್ಜಿಯರು. 'ಲಿಲೋ ಅಂಡ್ ಸ್ಟಿಚ್' 2002ರದ್ದು. ಅದನ್ನು ನೋಡಿ ಬೆಳೆದವರಿಗೆ ಈಗ ಮೂವತ್ತರ ಆಸುಪಾಸು, ಮನೆಯಲ್ಲಿ ಚಿಕ್ಕ ಮಕ್ಕಳು. ಕಾರಿನ ಕೀ, ಕ್ರೆಡಿಟ್ ಕಾರ್ಡು ಎರಡೂ ಅವರ ಕೈಯಲ್ಲಿ. ನೆನಪಿಗೂ ಒಂದು ಹದ ಇದೆ, ಉಪ್ಪಿನಕಾಯಿ ಹಾಗೆ. ಇಪ್ಪತ್ತರಿಂದ ಮೂವತ್ತು ವರ್ಷಕ್ಕೆ ಅದು ಸರಿಯಾಗಿ ಕಳಿತಿರುತ್ತದೆ.

ತೊಂದರೆ ಏನಂದರೆ ಆ ಹದದ ಜಾಡಿಗಳು ಖಾಲಿಯಾಗುತ್ತಿವೆ. ತೊಂಬತ್ತರ ದಶಕದ ದೊಡ್ಡ ಹೆಸರುಗಳೆಲ್ಲ ಹೆಚ್ಚು ಕಮ್ಮಿ ಮುಗಿದವು. ನಟರನ್ನಿಟ್ಟು ತೆಗೆದ 'ಮೊಆನಾ'ಗೆ ದಿನ ಗೊತ್ತುಮಾಡಿದ್ದು 2026ರ ಜುಲೈಗೆ. ಮೂಲಕ್ಕೆ ಆಗ ಇನ್ನೂ ಹತ್ತು ವರ್ಷ ತುಂಬಿರಲ್ಲ.

'ಸ್ಟಾರ್ ವಾರ್ಸ್' ಬಗ್ಗೆ ಉದ್ದಕ್ಕೆ ಹೇಳೋದು ಬೇಡ. 2015ರಲ್ಲಿ 207 ಕೋಟಿ, 2017ರಲ್ಲಿ 133 ಕೋಟಿ, 2019ರಲ್ಲಿ 107 ಕೋಟಿ. ಮೂರು ಮೆಟ್ಟಿಲು, ಮೂರೂ ಕೆಳಕ್ಕೆ. ನಡುವೆ 2018ರ 'ಸೋಲೋ' 39 ಕೋಟಿಗೆ ತೋಪೆದ್ದು ಹೋಯಿತು. 2019ರದ್ದು ಬಂದ ಮೇಲೆ ಆರು ವರ್ಷ ಥಿಯೇಟರಿಗೆ ಒಂದೂ ಬರಲಿಲ್ಲ, ಟಿವಿ ಸರಣಿಗಳಲ್ಲೇ ಬದುಕಿತು. ನಮ್ಮಲ್ಲಿ ಅದಕ್ಕೆ ಮೊದಲಿನಿಂದಲೂ ದೊಡ್ಡ ಹುಚ್ಚು ಇರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲೂ ಇಲ್ಲ.

ನಮ್ಮಲ್ಲಿ ಇನ್ನೊಂದು ನಡೆಯಿತು. ಮಾರ್ವೆಲ್ ಸಪ್ಪೆ ಆದ ಹೊತ್ತಿಗೆ ಸರಿಯಾಗಿ, 2022ರಲ್ಲಿ, 'ಆರ್‌ಆರ್‌ಆರ್', 'ಕೆಜಿಎಫ್ 2', 'ಕಾಂತಾರ' ಬಂದವು. ಆರು ಗಂಟೆ ಶೋಗೆ ಹೋಗಿ ಶಿಳ್ಳೆ ಹೊಡೆಯುವ ಚಟ ಹುಡುಗರಿಗೆ ಹೋಗಿರಲಿಲ್ಲ. ಅದು ತಮ್ಮ ಭಾಷೆಯಲ್ಲೇ ಸಿಗತೊಡಗಿತು, ಅಷ್ಟೇ. ಅದೇ ವರ್ಷದ ಕೊನೆಗೆ ಬಂದ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಿಡುಗಡೆಯಾಯಿತು. ಇಲ್ಲಿ ಭರ್ಜರಿಯಾಗಿ ಓಡಿತು. ಅದೂ ಡಿಸ್ನಿಯದೇ. ಅದಕ್ಕೂ ಹೋಮ್‌ವರ್ಕ್ ಬೇಕಿರಲಿಲ್ಲ. ಆ ನೀರು, ಆ ತ್ರೀಡಿ ಮನೆಯ ಟಿವಿಯಲ್ಲಿ ಸಿಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಸಿನಿಮಾ ಸೋತರೂ ಕಂಪನಿಗೆ ನಿದ್ದೆ ಬರುತ್ತದೆ

ಇಷ್ಟು ಸೋಲಿನ ನಡುವೆಯೂ ಡಿಸ್ನಿ ಯಾಕೆ ಮುಳುಗಲಿಲ್ಲ ಅನ್ನೋದಕ್ಕೆ ಉತ್ತರ ಥಿಯೇಟರಿನಲ್ಲಿಲ್ಲ. 2024ರ ಹಣಕಾಸು ವರ್ಷದಲ್ಲಿ ಕಂಪನಿಯ ವಿಭಾಗಗಳೆಲ್ಲ ಸೇರಿ ಗಳಿಸಿದ ಕಾರ್ಯಾಚರಣೆ ಲಾಭ ಸುಮಾರು 1,560 ಕೋಟಿ ಡಾಲರ್. ಅದರಲ್ಲಿ 930 ಕೋಟಿಯಷ್ಟು ಬಂದಿದ್ದು ಥೀಮ್ ಪಾರ್ಕ್, ಹಡಗು ಪ್ರವಾಸ, ಗೊಂಬೆ, ಬ್ಯಾಗು, ಟೀ ಶರ್ಟುಗಳ ವಿಭಾಗದಿಂದ. ಸ್ಟಿಚ್ ಅನ್ನೋ ಒಂದು ನೀಲಿ ಪ್ರಾಣಿಯ ಸರಕು 2024ರಲ್ಲಿ ಚಿಲ್ಲರೆ ಅಂಗಡಿಗಳಲ್ಲಿ 260 ಕೋಟಿ ಡಾಲರಿಗೆ ಮಾರಾಟವಾಯಿತು ಅಂತ ಕಂಪನಿಯೇ ಹೇಳಿದೆ. ಅದೂ ಹೊಸ ಸಿನಿಮಾ ಬರುವ ಮೊದಲು. 2002ರ ಮೂಲ ಸಿನಿಮಾ ಥಿಯೇಟರಿನಲ್ಲಿ ಗಳಿಸಿದ್ದರ ಒಂಬತ್ತು ಪಟ್ಟಿಗೂ ಜಾಸ್ತಿ. ನನ್ನ ತಂಗಿಯ ಮಗಳ ಸ್ಕೂಲ್ ಬ್ಯಾಗಿನ ಮೇಲೂ ಸ್ಟಿಚ್ ಇದ್ದಾನೆ. ಅದು ಪೇಟೆಯ ಫುಟ್‌ಪಾತಿನದು, ಅದರ ದುಡ್ಡು ಡಿಸ್ನಿಗೆ ಹೋಗಿಲ್ಲ ಅನ್ನೋದು ಬೇರೆ ಮಾತು.

ಅಂದರೆ ಇವರಿಗೆ ಸಿನಿಮಾ ಅನ್ನೋದು ಅರ್ಧ ಸರಕು, ಅರ್ಧ ಜಾಹೀರಾತು. ಪಾತ್ರ ಜನರ ಮನಸ್ಸಿನಲ್ಲಿ ಇರೋವರೆಗೆ ಒಂದು ಸಿನಿಮಾ ಸೋತರೆ ತಡೆದುಕೊಳ್ಳಬಹುದು. ನಿಜವಾದ ಚಿಂತೆ ಇರೋದು ಬೇರೆ ಕಡೆ. 2024 ಮತ್ತು 2025ರಲ್ಲಿ ಗೆದ್ದ ಅವರ ದೊಡ್ಡ ಸಿನಿಮಾಗಳ ಪಟ್ಟಿ ಮತ್ತೆ ನೋಡಿ. ಎಲ್ಲ ಎರಡನೇ ಭಾಗ, ಮೂರನೇ ಭಾಗ, ಇಲ್ಲವೇ ರೀಮೇಕ್. ಒಂದೂ ಹೊಸ ಹೆಸರಿಲ್ಲ. ಹೊಸದಾಗಿ ಹುಟ್ಟಿದ 'ಎಲಿಯೋ', 'ವಿಶ್' ಮೊಳಕೆಯಲ್ಲೇ ಬಾಡಿದವು. ಇಪ್ಪತ್ತು ವರ್ಷ ಆದ ಮೇಲೆ ರೀಮೇಕ್ ಮಾಡೋಕೆ ಇವತ್ತು ಏನಾದರೂ ಹುಟ್ಟಿರಬೇಕಲ್ಲ. ಬಿತ್ತನೆಗೆ ಇಟ್ಟ ಕಾಳನ್ನೇ ಹುರಿದು ತಿಂದ ರೈತನ ಮನೆಯಲ್ಲೂ ಆ ವರ್ಷ ಊಟಕ್ಕೇನೂ ಕೊರತೆ ಇರಲ್ಲ.

ಮಾರ್ವೆಲ್ ಈಗ ಕೊನೇ ಪಟ್ಟು ಹಾಕುತ್ತಿದೆ. 2024ರ ಜುಲೈನಲ್ಲಿ, ಹಿಂದೆ ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್‌ನನ್ನು ವೇದಿಕೆಗೆ ಕರೆತಂದು, ಮುಖವಾಡ ತೆಗೆಸಿ, ಇವನೇ ಡಾಕ್ಟರ್ ಡೂಮ್ ಅಂತ ತೋರಿಸಿದರು. ಸತ್ತ ಐರನ್ ಮ್ಯಾನ್ ಬದುಕಿ ಬರಲ್ಲ, ಅದೇ ಮುಖದ ಖಳನಾಯಕ ಬರುತ್ತಾನೆ. ನಿರ್ದೇಶಕರು 'ಎಂಡ್‌ಗೇಮ್' ಮಾಡಿದ ರೂಸೋ ಸಹೋದರರೇ. 'ಅವೆಂಜರ್ಸ್: ಡೂಮ್ಸ್‌ಡೇ' ಅಂತ ಹೆಸರು. 2026ರ ಡಿಸೆಂಬರ್ 18 ಅಂತ ದಿನ ಗೊತ್ತುಮಾಡಿದ್ದಾರೆ. ಕಳೆದುಹೋದ ಚಡಪಡಿಕೆಯನ್ನು ಹಳೇ ಮುಖ ತೋರಿಸಿ ವಾಪಸ್ ಕರೆಯೋ ಪ್ರಯತ್ನ ಇದು. 'ಡೆಡ್‌ಪೂಲ್ ಅಂಡ್ ವುಲ್ವರೀನ್'ನಲ್ಲಿ ಹಳೇ ವುಲ್ವರೀನ್ ಪಾತ್ರಧಾರಿ ಹ್ಯೂ ಜಾಕ್‌ಮನ್‌ನನ್ನು ಕರೆತಂದಾಗ ಕೆಲಸ ಮಾಡಿತ್ತು. ಒಂದು ಸಲ ಇದೂ ಮಾಡಬಹುದು.

ಮೊನ್ನೆ ಅಕ್ಕನ ಮನೆಗೆ ಹೋದಾಗ ಹುಡುಗನನ್ನು ಕೇಳಿದೆ. ಈಗ ಇಂಜಿನಿಯರಿಂಗ್ ಮಾಡುತ್ತಿದ್ದಾನೆ, ಗಡ್ಡ ಬಂದಿದೆ. "ಡೂಮ್ಸ್‌ಡೇಗೆ ಬರ್ತೀಯಾ?"

"ಡೌನಿ ಇದ್ದಾನಲ್ಲ ಮಾಮ, ಹೋಗೋಣ. ಬೆಳಗ್ಗೆ ಶೋಗೇ ಬುಕ್ ಮಾಡಿ." ಆಮೇಲೆ ಸ್ವಲ್ಪ ತಡೆದು ಕೇಳಿದ: "ಮಧ್ಯದಲ್ಲಿ ಏನೇನಾಯ್ತು ಅಂತ ದಾರೀಲಿ ಹೇಳ್ತೀರಲ್ಲ?"

ಹೂಂ ಅಂದೆ. 'ವಾಂಡಾವಿಷನ್' ನಾನೂ ಮೂರನೇ ಕಂತಿಗೇ ನಿಲ್ಲಿಸಿದ್ದೆ ಅಂತ ಹೇಳಲಿಲ್ಲ.